ಜಡೆಯ ರಾಣಿಯ ನಾಣ್ಯ

ಹುಣಸೆಹಣ್ಣು ಹಾಕಿ ಉಜ್ಜಿದರೆ ಬೆಳ್ಳಿ ಹೊಳೆಯುತ್ತದೆ ಎಂಬುದು ಶೈಲಜಮ್ಮನಿಗೆ ಗೊತ್ತಿತ್ತು. ಹೊಳೆಯಬಾರದ ಬೆಳ್ಳಿಯೂ ಇರುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ಬುಧವಾರ ಮಧ್ಯಾಹ್ನ, ಗಂಡ ಮಲಗಿದ್ದ ಹೊತ್ತಿನಲ್ಲಿ, ಅವರ ಹತ್ತು ನಾಣ್ಯಗಳನ್ನು ಬಟ್ಟಲಲ್ಲಿ ನೆನೆಹಾಕಿ ತಿಕ್ಕುತ್ತಿರಲಿಲ್ಲ.

ಶಂಕರಪುರಂನ ಆ ಹಳೆಯ ಮನೆಯಲ್ಲಿ ಐದು ಜನ. ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದ ಮಲ್ಲಿಕಾರ್ಜುನಯ್ಯ, ಅವರ ಹೆಂಡತಿ ಶೈಲಜಮ್ಮ, ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ಇಟ್ಟುಕೊಂಡಿದ್ದ ಮಗ ಪ್ರಭುದೇವ, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಸೊಸೆ ಶಿವರಂಜಿನಿ, ಮತ್ತು ಎರಡನೇ ಪಿಯುಸಿಯ ಮೊಮ್ಮಗಳು ಮಾನ್ಯ. ಆರನೆಯ ಜನ ಎಂದರೆ ಮಲ್ಲಿಕಾರ್ಜುನಯ್ಯನವರ ಪೆಟ್ಟಿಗೆ ಎಂದು ಶೈಲಜಮ್ಮ ಆಗಾಗ ಹೇಳುತ್ತಿದ್ದರು. ಆ ಪೆಟ್ಟಿಗೆಗೆ ಮನೆಯಲ್ಲಿ ಒಂದು ಪ್ರತ್ಯೇಕ ಕೋಣೆಯೇ ಇತ್ತು.

ಪೆಟ್ಟಿಗೆಯಲ್ಲಿದ್ದದ್ದು ಪರ್ಷಿಯಾದ ಹಳೆಯ ಬೆಳ್ಳಿ ನಾಣ್ಯಗಳು. ಚಿನ್ನವಲ್ಲ, ಮೈಸೂರಿನ ನಾಣ್ಯವಲ್ಲ, ಬೇರೆ ಇನ್ನಾವುದೂ ಅಲ್ಲ. ಮಲ್ಲಿಕಾರ್ಜುನಯ್ಯನವರ ತಂದೆಗೆ ನಗರ್ತಪೇಟೆಯಲ್ಲಿ ಬೆಳ್ಳಿ ಅಂಗಡಿ ಇತ್ತು. ಕರಗಿಸಲು ಬಂದ ಹಳೆ ಬೆಳ್ಳಿಯ ಗುಡ್ಡೆಯಲ್ಲಿ ಒಮ್ಮೆ ಗೊತ್ತಿಲ್ಲದ ಅಕ್ಷರವಿದ್ದ ಒಂದು ಬಿಲ್ಲೆ ಆಗಿನ್ನೂ ಯುವಕರಾಗಿದ್ದ ಮಲ್ಲಿಕಾರ್ಜುನಯ್ಯನವರ ಕಣ್ಣಿಗೆ ಬಿತ್ತು. ಅದು ಏನೆಂದು ಕೇಳಲು ಹೋದವರು ಪಾರಸಿ ಅಕ್ಷರ ಕಲಿತೇ ಹಿಂತಿರುಗಿದರು. ಆಮೇಲೆ ನಲವತ್ತೈದು ವರ್ಷ, ಒಂದೊಂದಾಗಿ ಕೂಡಿಸಿದರು. ಬಿಡುವಾದಾಗ ಒಂದೊಂದಕ್ಕೂ ರಟ್ಟಿನ ಕಾರ್ಡು ಮಾಡುತ್ತಾ ಬಂದರು: ಕಾರ್ಡಿನಲ್ಲಿ ಪೆನ್ಸಿಲಿನಿಂದ ನಾಣ್ಯದ ಎರಡೂ ಮುಖದ ಚಿತ್ರ, ಕೆಳಗೆ ದೊರೆಯ ಹೆಸರು, ಟಂಕಸಾಲೆಯ ಊರು, ಇಸವಿ.

ಈಗ ಎರಡು ವರ್ಷದಿಂದ ಅವರ ಕಣ್ಣಿನ ನಡುಭಾಗ ಸವೆಯುತ್ತಾ ಬಂದಿತ್ತು. ಬಾಗಿಲ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ತಟ್ಟೆಯ ಅಂಚು ಕಾಣುತ್ತದೆ, ಬಡಿಸಿದ ಪಲ್ಯ ಕಾಣುವುದಿಲ್ಲ. ಇದಕ್ಕಿಂತ ಹೆಚ್ಚು ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನೂರಾರು ನಾಣ್ಯಗಳಿಗೆ ಕಾರ್ಡು ಇನ್ನೂ ಆಗಿರಲಿಲ್ಲ.

ಮಾನ್ಯಳಿಗೆ ಓದಿಕೊಳ್ಳಲು ಕೋಣೆ ಬೇಕಿತ್ತು. ಪ್ರಭುದೇವ ಯಾರನ್ನೋ ವಿಚಾರಿಸಿ, ಹಳೆ ನಾಣ್ಯ ಕೊಳ್ಳುವ ಕಂಪನಿಯವನೊಬ್ಬ ಗುರುವಾರ ಬಂದು ನೋಡುವಂತೆ ಗೊತ್ತುಮಾಡಿದ. ತಂದೆ ಬೇಡ ಎನ್ನಲಿಲ್ಲ. "ನೋಡ್ಕೊಂಡ್ ಹೋಗ್ಲಿ," ಎಂದಷ್ಟೇ ಹೇಳಿ ಎದ್ದುಹೋದರು. ಬರುವವನ ಮುಂದೆ ಕರ್ರಗಿನ ನಾಣ್ಯ ಇಡುವುದು ಹೇಗೆ ಎಂದು ಶೈಲಜಮ್ಮ ಹುಣಸೆಹಣ್ಣು ತೆಗೆದರು.

ಸಂಜೆ ಮಲ್ಲಿಕಾರ್ಜುನಯ್ಯ ಕೋಣೆಗೆ ಹೋಗಿ ಟ್ರೇ ಎಳೆದು, ಒಂದು ನಾಣ್ಯವನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರು.

"ಶೈಲಾ, ಇದಕ್ಕೆ ಹುಣಸೆಹಣ್ಣು ಹಾಕಿದ್ಯಾ?"

"ಹೂಂ ರೀ. ಹತ್ತು ಆಯ್ತು, ಮಿಕ್ಕಿದ್ದು ನಾಳೆ ಬೆಳಿಗ್ಗೆ ಮಾಡ್ಬಿಡ್ತೀನಿ. ಪಳಪಳ ಅಂತಿದೆ."

ಮಲ್ಲಿಕಾರ್ಜುನಯ್ಯ ನಾಣ್ಯವನ್ನು ಅದರ ಜಾಗದಲ್ಲಿಟ್ಟು ಟ್ರೇಯನ್ನು ಒಳಗೆ ತಳ್ಳಿದರು. ರಾತ್ರಿ ಊಟಕ್ಕೆ ಕೂತವರು ಸಾರನ್ನವನ್ನು ಮುಟ್ಟಲಿಲ್ಲ.

"ಏನಾಯ್ತು ಅಂತ ಹೇಳಿ ಮಾವ," ಎಂದಳು ಶಿವರಂಜಿನಿ.

"ಮುನ್ನೂರು ವರ್ಷ ಕೂತು ಬೆಳ್ಳಿ ಮೇಲೆ ಬಂದ ಬಣ್ಣಮ್ಮ ಅದು. ಅದನ್ನ ನೋಡೇ ಅದು ಹಳೇದು ಅಂತ ನಂಬೋದು. ನಿಮ್ಮತ್ತೆ ಅರ್ಧ ಗಂಟೇಲಿ ತೆಗೆದುಬಿಟ್ಲು."

ಶೈಲಜಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಂಗೇನ್ ಗೊತ್ತು? ಒಂದ್ ದಿನ ಕರೆದು ಹೇಳಿದೀರಾ? ಮದುವೆಯಾಗಿ ಬಂದಾಗಿನಿಂದ ಆ ಬಾಗಿಲು ಹಾಕ್ಕೊಂಡೇ ಇದೆ."

"ಅಪ್ಪಾಜಿ, ಅಮ್ಮ ಒಳ್ಳೇದಕ್ಕೇ ಮಾಡಿದ್ದು," ಎಂದ ಪ್ರಭುದೇವ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹೆಂಗೂ ನಿಮಗೆ ಕಣ್ಣು ಕಾಣಲ್ಲ. ಕಪ್ಪಗಿದ್ರೇನು ಬೆಳ್ಳಗಿದ್ರೇನು?"

ಮಾನ್ಯ ತಟ್ಟೆ ಬಿಟ್ಟು ಎದ್ದಳು. "ಪಪ್ಪ, ಆ ರೂಮು ನನಗೆ ಬೇಡ. ನಾನು ಹಾಲ್‌ನಲ್ಲೇ ಓದ್ಕೋತೀನಿ," ಎಂದು ಹೋಗಿಬಿಟ್ಟಳು. ಮಲ್ಲಿಕಾರ್ಜುನಯ್ಯ ಕೈತೊಳೆಯಲು ಎದ್ದಾಗ ಕುರ್ಚಿಯ ಕಾಲು ಎಡವಿದರು. ಹಿಡಿಯಲು ಹೋದ ಮಗನ ಕೈಯನ್ನು ಅವರು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಕಂಪನಿಯವನಿಗೆ ಬರಬೇಡ ಎಂದು ಪ್ರಭುದೇವ ಬೆಳಿಗ್ಗೆಯೇ ಫೋನು ಮಾಡಿದ.

ಗುರುವಾರ ಹತ್ತು ಗಂಟೆಗೆ ಮನೆ ಖಾಲಿಯಾದ ಮೇಲೆ ಶೈಲಜಮ್ಮ ಎರಡು ಲೋಟ ಕಾಫಿ ಹಿಡಿದು ಆ ಕೋಣೆಗೆ ಹೋದರು. ಗಂಡ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿದ್ದರು. ಕ್ಷಮಿಸಿ ಎನ್ನುವ ಮಾತು ಅವರ ಮನೆಯಲ್ಲಿ ಗಂಡಹೆಂಡಿರ ನಡುವೆ ಬಳಕೆಯಲ್ಲಿರಲಿಲ್ಲ. ಶೈಲಜಮ್ಮ ಸ್ಟೂಲು ಎಳೆದುಕೊಂಡು ಕೂತು, ಉಜ್ಜಿದ ನಾಣ್ಯಗಳಲ್ಲಿ ಒಂದನ್ನು ಎತ್ತಿಕೊಂಡರು.

"ಇದರ ಮೇಲೆ ಏನ್ ಬರೆದಿದೆ ರೀ?"

"ನನಗೆಲ್ಲಿ ಕಾಣತ್ತೆ?"

"ನನಗೆ ಕಾಣತ್ತೆ. ಓದೋಕೆ ಬರಲ್ಲ ಅಷ್ಟೆ. ಹೆಂಗಿದೆ ಅಂತ ಹೇಳ್ತೀನಿ, ಏನು ಅಂತ ನೀವು ಹೇಳಿ."

ಮಲ್ಲಿಕಾರ್ಜುನಯ್ಯ ಅವರ ಕಡೆ ತಿರುಗಿದರು. ಕಣ್ಣಿನ ಓರೆಯಲ್ಲಿ ಹೆಂಡತಿಯ ಸೀರೆಯ ಅಂಚು ಮಾತ್ರ ಅವರಿಗೆ ಕಾಣುತ್ತಿತ್ತು. "ಕೆಳಗಡೆ ಸಣ್ಣ ಅಂಕಿ ಇರತ್ತೆ, ನೋಡು."

"ನಿಂತ ಕಡ್ಡಿ ಒಂದು, ಇನ್ನೊಂದು, ಇನ್ನೊಂದು. ಆಮೇಲೆ ಗುಡಿಸಲ ಮಾಡಿನ ಥರ ಒಂದು."

"ಒಂದು, ಒಂದು, ಒಂದು, ಎಂಟು. ಸಾವಿರದ ನೂರ ಹದಿನೆಂಟು. ಅದು ಹಿಜರಿ ಲೆಕ್ಕ. ನಮ್ಮ ಲೆಕ್ಕಕ್ಕೆ ಸಾವಿರದ ಏಳುನೂರ ಆರು. ಇಸ್ಫಹಾನ್‌ನಲ್ಲಿ ಕೂತು ಪರ್ಷಿಯಾ ಆಳಿದ ಶಾ ಸುಲ್ತಾನ್ ಹುಸೇನ್ ಕಾಲದ್ದು." ಅವರ ಧ್ವನಿ ಬದಲಾಯಿತು. "ಮಾಡು ಮೇಲ್ಮುಖ ಆಗಿ ಬಿದ್ದಿದ್ರೆ ಏಳು. ವೀಳ್ಯದೆಲೆ ತಲೆಕೆಳಗು ಮಾಡಿದ ಹಾಗಿದ್ರೆ ಐದು. ಬರೀ ಚುಕ್ಕಿ ಇದ್ರೆ ಸೊನ್ನೆ."

"ಇಷ್ಟೇನಾ? ಇದಕ್ಕಿಂತ ನನ್ನ ರಂಗೋಲಿ ಕಷ್ಟ."

"ಒಂದು ಮಾತು ನೆನಪಿಟ್ಕೋ ಶೈಲಾ. ಕಂಡದ್ದನ್ನ ಹೇಳು. ಇದ್ದಿರಬಹುದು ಅನ್ಕೊಂಡಿದ್ದನ್ನ ಹೇಳ್ಬೇಡ."

ಅಂದಿನಿಂದ ಅದು ದಿನಚರಿಯಾಯಿತು. ಬೆಳಗಿನ ಪೂಜೆ ಮುಗಿದು, ಅಡಿಗೆ ಮನೆಯ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಇಬ್ಬರೂ ಊಟದ ಮೇಜಿಗೆ ಬಂದು ಕೂರುವುದು; ಅಲ್ಲಿ ಕಿಟಕಿಯ ಬೆಳಕು ಚೆನ್ನಾಗಿತ್ತು. ಪೆಟ್ಟಿಗೆಯೂ ಅಲ್ಲಿಗೇ ಬಂತು. ಕೋಣೆ ತಾನಾಗಿಯೇ ಖಾಲಿಯಾಗಿ, ಮಾನ್ಯ ಯಾರಿಗೂ ಏನೂ ಹೇಳದೆ ತನ್ನ ಪುಸ್ತಕಗಳನ್ನು ಒಳಗೆ ಜೋಡಿಸಿಕೊಂಡಳು. ಶೈಲಜಮ್ಮ ಭೂತಗನ್ನಡಿಯಲ್ಲಿ ನೋಡಿ ಹೇಳುವುದು, ಮಲ್ಲಿಕಾರ್ಜುನಯ್ಯ ಕೇಳಿ ಗುರುತಿಸುವುದು, ಮತ್ತೆ ಶೈಲಜಮ್ಮನೇ ಕಾರ್ಡಿನಲ್ಲಿ ಬರೆಯುವುದು. ಕೂದಲು ಪಿನ್ನಿನ ಹಾಗೆ ಮಡಿಸಿದ ಬೆಳ್ಳಿ ತಂತಿಯೂ ಒಂದು ಕಾಲದ ನಾಣ್ಯ ಎಂದು, ಅದು ಹಡಗಿನಲ್ಲಿ ನಮ್ಮ ಕರಾವಳಿಗೆ ಬರುತ್ತಿತ್ತು ಎಂದು ಶೈಲಜಮ್ಮನಿಗೆ ಗೊತ್ತಾಯಿತು. ಕುದುರೆ ಮಾರಲು ಬಂದವರ ಬೆಳ್ಳಿ ಈ ಕಡೆಯ ಕುಲುಮೆಗಳಲ್ಲಿ ಎಷ್ಟು ಕರಗಿಹೋಯಿತೋ ಎಂದು ಗಂಡ ಹೇಳಿದಾಗ ಅವರಿಗೂ ಅಯ್ಯೋ ಎನ್ನಿಸಿತು. ತಾನು ಉಜ್ಜಿದ ಹತ್ತರ ನೆನಪಾಯಿತು.

"ಅದು ಮತ್ತೆ ಕಪ್ಪಾಗತ್ತಾ ರೀ?"

"ಆಗತ್ತೆ. ನಾವಿರಲ್ಲ ಅಷ್ಟೆ," ಎಂದು ಅವರು ನಕ್ಕರು.

ಮಧ್ಯೆ ಎರಡು ಸಲ ಬೇಳೆ ತಳಹಿಡಿಯಿತು. "ಅತ್ತೆ, ಇವತ್ತೂ ಇಸ್ಫಹಾನ್‌ಗೆ ಹೋಗಿದ್ರಾ?" ಎಂದು ಶಿವರಂಜಿನಿ ತಾನೇ ಪಾತ್ರೆ ಉಜ್ಜಲು ನಿಂತಳು. ಪ್ರಭುದೇವ ಮಾತ್ರ ಮೇಜಿನ ಹತ್ತಿರ ಬರುತ್ತಿರಲಿಲ್ಲ. ಆ ರಾತ್ರಿ ತಾನು ಆಡಿದ ಮಾತು ಅವನನ್ನು ತಡೆಯುತ್ತಿತ್ತು.

ನಾಲ್ಕನೇ ವಾರ ಮಲ್ಲಿಕಾರ್ಜುನಯ್ಯ ಪೆಟ್ಟಿಗೆಯ ತಳದಿಂದ ಒಂದು ಮಖಮಲ್ಲಿನ ಚೀಲ ತೆಗೆಸಿದರು. ಅಗಲವಾದ, ಎಲೆಯಷ್ಟು ತೆಳ್ಳಗಿನ ನಾಣ್ಯ. ಒಂದು ಮುಖದಲ್ಲಿ ಅಗ್ನಿಕುಂಡ, ಅದರ ಎರಡೂ ಬದಿಗೆ ಕಾವಲು ನಿಂತ ಇಬ್ಬರು. ಇನ್ನೊಂದು ಮುಖದಲ್ಲಿ ರೆಕ್ಕೆಯ ಕಿರೀಟವಿಟ್ಟ ಒಂದು ತಲೆ.

"ಏನ್ ಕಾಣತ್ತೆ ಹೇಳು."

"ರಾಜ. ಅಲ್ಲ... ರೀ, ಇದಕ್ಕೆ ಜಡೆ ಇದೆ! ಭುಜದ ಮೇಲೆ ಇಳಿಬಿಟ್ಟಿದಾರೆ."

"ರಾಣಿ. ಬೋರಾನ್ ಅಂತ. ಸಾವಿರದ ನಾನೂರು ವರ್ಷದ ಹಿಂದೆ ಇರಾನ್ ಆಳಿದೋಳು. ಆಳಿದ್ದು ಒಂದೆರಡು ವರ್ಷ ಅಷ್ಟೆ, ಅದಕ್ಕೇ ಅವಳ ನಾಣ್ಯ ಸಿಗೋದು ಅಪರೂಪ. ವೇಣುಗೋಪಾಲ್ ಮುಂಬೈಯಿಂದ ತರಿಸಿಕೊಟ್ಟ, ತೊಂಬತ್ತಾರನೇ ಇಸವೀಲಿ. ಇದೊಂದು ನನ್ನ ಹತ್ರ ಇದೆ ಅನ್ನೋದೇ ನನಗೆ ಸಾಕಾಗಿತ್ತು."

ಶೈಲಜಮ್ಮ ಆ ರಾಣಿಯನ್ನು ಬಹಳ ಹೊತ್ತು ನೋಡಿದರು. ಯಾರ ಮನೆಯ ಮಗಳೋ, ಎಲ್ಲಿಯದೋ ಕಿರೀಟ, ಇಲ್ಲಿ ಬಂದು ಸಾರಿನ ಪಾತ್ರೆಯ ಪಕ್ಕ ಕೂತಿದ್ದಾಳೆ ಎನ್ನಿಸಿತು.

ಅದೇ ವಾರ ಶೇಷಾದ್ರಿಪುರಂನಿಂದ ವೇಣುಗೋಪಾಲ್ ಊಟಕ್ಕೆ ಬಂದರು. ಮಲ್ಲಿಕಾರ್ಜುನಯ್ಯನವರ ಹಾಗೆಯೇ ನಾಣ್ಯದ ಹುಚ್ಚು ಹಿಡಿದ ಹಳೆಯ ಸ್ನೇಹಿತ. ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ನಾಣ್ಯಸಂಗ್ರಹದವರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಮುಂದಿನ ಭಾನುವಾರದ ಸಭೆಯಲ್ಲಿ ಮಲ್ಲಿಕಾರ್ಜುನಯ್ಯ ರಾಣಿಯ ನಾಣ್ಯದ ಮೇಲೆ ಮಾತಾಡಬೇಕು ಎಂದು ಕೇಳಲು ಬಂದಿದ್ದರು.

"ನನ್ನ ಹತ್ರಾನೂ ಒಂದು ಬೋರಾನ್ ಇದೆಯಲ್ಲ ಮಲ್ಲಣ್ಣ, ಎರಡು ವರ್ಷ ಆದ್ಮೇಲೆ ಅದೇ ವ್ಯಾಪಾರಿ ಹತ್ರ ತಗೊಂಡಿದ್ದು. ಬೆಂಗಳೂರಲ್ಲಿ ಇರೋವೇ ಎರಡು. ಎರಡನ್ನೂ ಫೋಟೋ ತೆಗೆಸಿ ದೊಡ್ಡದಾಗಿ ತೋರಿಸೋಣ." ಅವರು ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಇದು ಇಲ್ಲೇ ಇರ್ಲಿ. ಪ್ರಭು ಫೋಟೋ ತೆಗೀಲಿ."

ಅಕ್ಕಿರೊಟ್ಟಿ ತಂದಿಟ್ಟು ಕೈ ಒರೆಸಿಕೊಂಡ ಶೈಲಜಮ್ಮ ಎರಡು ನಾಣ್ಯಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎಡರೆಕ್ಕೆಯ ತುದಿಯ ಹತ್ತಿರ ಅಂಚಿನಲ್ಲಿ ಇರುವೆ ಕಚ್ಚಿದಷ್ಟು ಒಂದು ಮುಕ್ಕು. ಎರಡರಲ್ಲೂ. "ಇನ್ನೊಂದು ಹಾಕ್ಲಾ ಅಣ್ಣಾ?" ಎಂದು ವೇಣುಗೋಪಾಲರ ತಟ್ಟೆಗೆ ರೊಟ್ಟಿ ಹಾಕಿದರು.

ವೇಣುಗೋಪಾಲ್ ಹೋಗಿ, ಗಂಡ ಮಧ್ಯಾಹ್ನದ ನಿದ್ದೆಗೆ ಮಲಗಿದ ಮೇಲೆ, ಶೈಲಜಮ್ಮ ಭೂತಗನ್ನಡಿ ಹಿಡಿದು ಮತ್ತೆ ಕೂತರು. ರಾಣಿಯ ಕೆನ್ನೆಯ ಮೇಲೆ ಒಂದು ಓರೆ ಗೀರು, ಎರಡರಲ್ಲೂ. ಬಲಗಡೆ ಅಂಚು ಒಂದಿಷ್ಟು ಚಪ್ಪಟೆ, ಎರಡರಲ್ಲೂ. ಕೆಳಗೆ ಅವರೆಕಾಳಿನ ಹಾಗೆ ಒಂದು ಉಬ್ಬು, ಎರಡರಲ್ಲೂ. ಹಿಂದಿನ ವಾರ ಗಂಡನೇ ಹೇಳಿಕೊಟ್ಟಿದ್ದರು. ಹಳೆಯ ಕಾಲದಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಒಂದೇ ಅಚ್ಚಿನದಾದರೆ ಚಿತ್ರ ಒಂದೇ ಇರಬಹುದು; ಅಂಚು, ಪೆಟ್ಟು, ಗೀರು ಒಂದೊಂದಕ್ಕೂ ಬೇರೆ. ಈ ಎರಡಕ್ಕೂ ಎಲ್ಲವೂ ಒಂದೇ.

ಸಂಜೆ ಅಡಿಗೆ ಮನೆಯಲ್ಲಿ ಸೊಸೆಗೆ ತೋರಿಸಿದರು. ಶಿವರಂಜಿನಿ ನೋಡಿ ಕೂಡಲೇ ಅರ್ಥಮಾಡಿಕೊಂಡಳು. "ಯಾವುದೋ ಒಂದು ನಾಣ್ಯದಿಂದ ಪಡಿಯಚ್ಚು ತೆಗೆದು ಎರಡನ್ನೂ ಎರಕ ಹೊಯ್ದಿದಾರೆ. ಈ ಉಬ್ಬು ಎರಕದಲ್ಲೇ ಬರೋದು, ಸುತ್ತಿಗೆ ಪೆಟ್ಟಿಗೆ ಬರಲ್ಲ. ಆದ್ರೆ ಹೇಳ್ಬೇಡಿ ಅತ್ತೆ. ಮಾವಂಗೆ ಈಗ ಇರೋ ಖುಷಿ ಇದೊಂದೇ."

ಪ್ರಭುದೇವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಹೇಳ್ದೇ ಇದ್ರೆ, ಭಾನುವಾರ ಅಷ್ಟು ಜನರ ಮುಂದೆ ಯಾರಾದ್ರೂ ಎದ್ದು ನಿಂತು ಹೇಳ್ತಾರೆ. ಆಗ?"

"ಹಂಗಂತ ಅವರ ಹತ್ರ ಹೋಗಿ ನಿಮ್ಮ ರಾಣಿ ಸುಳ್ಳು ಅನ್ನೋದಾ? ನಿನಗೆ ಸುಲಭ, ಬಾಯಿಗೆ ಬಂದದ್ದು ಅಂದ್ಬಿಡ್ತೀಯ," ಎಂದರು ಶೈಲಜಮ್ಮ.

ಪ್ರಭುದೇವ ತಲೆ ತಗ್ಗಿಸಿದ. "ಅವತ್ತು ಅಂದದ್ದು ತಪ್ಪು ಅಮ್ಮ. ನನಗೂ ಗೊತ್ತು."

ಮಾನ್ಯ ನೀರು ಕುಡಿಯಲು ಬಂದವಳು ಎಲ್ಲರ ಮುಖ ನೋಡಿದಳು. "ಅಜ್ಜಿ, ತಾತ ನಿಮಗೆ ಮೊದಲ ದಿನ ಏನ್ ಹೇಳಿದ್ರು? ಕಂಡದ್ದನ್ನ ಹೇಳು ಅಂತ ತಾನೆ?"

ಶೈಲಜಮ್ಮ ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ನಲವತ್ತು ವರ್ಷದಲ್ಲಿ ಎಷ್ಟೋ ಸಲ, ಈ ಬಿಲ್ಲೆಗಳಿಗೆ ಬೆಂಕಿ ಬೀಳಲಿ ಎಂದುಕೊಂಡಿದ್ದರು. ಈಗ ಒಂದೇ ಮಾತಿನಲ್ಲಿ ಗಂಡನನ್ನು ಸೋಲಿಸಬಹುದಾಗಿತ್ತು. ಆ ಮಾತು ಆಡುವುದೇ ಬೇಡವಾಗಿತ್ತು.

ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿದ್ದಾಗಲೇ, ಕಾಫಿ ಲೋಟ ಕೊಟ್ಟು ಹೇಳಿಬಿಟ್ಟರು.

"ರೀ, ನಿಮ್ಮ ರಾಣೀನೂ ಅಣ್ಣಾವ್ರ ರಾಣೀನೂ ಒಂದೇ ಥರ ಇದಾವೆ. ಚಿತ್ರ ಮಾತ್ರ ಅಲ್ಲ. ಅಂಚು, ಮುಕ್ಕು, ಕೆನ್ನೆ ಮೇಲಿನ ಗೀರು, ಎಲ್ಲಾ. ನಾನು ನಾಲ್ಕು ಸಲ ನೋಡ್ದೆ. ಇದ್ದಿರಬಹುದು ಅಂತ ಹೇಳ್ತಿಲ್ಲ, ಕಂಡದ್ದನ್ನ ಹೇಳ್ತಿದೀನಿ."

ಮಲ್ಲಿಕಾರ್ಜುನಯ್ಯ ಲೋಟ ಕೆಳಗಿಟ್ಟರು. "ಎರಡನ್ನೂ ಕೊಡು."

ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಹೆಬ್ಬೆರಳಿನಿಂದ ಅಂಚನ್ನು ಸವರುತ್ತಾ ನಿಧಾನವಾಗಿ ತಿರುಗಿಸಿದರು. ಎರಡೂ ಹೆಬ್ಬೆರಳು ಒಟ್ಟಿಗೇ ಮುಕ್ಕಿನ ಹತ್ತಿರ ಬಂದು ನಿಂತವು. ಮತ್ತೊಮ್ಮೆ ತಿರುಗಿಸಿದರು. ಮತ್ತೆ ಅಲ್ಲೇ. ಬಾಗಿಲ ಹಿಂದೆ ಮಗ, ಸೊಸೆ, ಮೊಮ್ಮಗಳು ನಿಂತಿದ್ದರು.

"ನನಗೆ ಕಣ್ಣಿದ್ದಾಗ ವೇಣು ನಾಣ್ಯಾನ ಎಷ್ಟೋ ಸಲ ನೋಡಿದೀನಿ," ಎಂದರು ಕೊನೆಗೆ. "ನಂದರ ಪಕ್ಕ ಇಟ್ಟು ನೋಡೋ ಬುದ್ಧಿ ಬರಲಿಲ್ಲ. ಇಷ್ಟಪಟ್ಟದ್ದನ್ನ ಅನುಮಾನದಿಂದ ನೋಡೋಕೆ ಮನಸ್ಸು ಬರಲ್ಲ ಶೈಲಾ."

"ಬೇಜಾರಾಯ್ತಾ?"

"ಆಯ್ತು. ಸುಳ್ಳು ಯಾಕೆ ಹೇಳ್ಲಿ." ನಾಣ್ಯಗಳನ್ನು ಮೇಜಿನ ಮೇಲಿಟ್ಟು ಕೇಳಿದರು, "ನಿನಗೆ ಹೆಂಗ್ ಹೊಳೀತು?"

"ರೊಟ್ಟಿ ತಟ್ಟೋರಿಗೆ ಗೊತ್ತಾಗಲ್ವಾ? ಕೈಯಲ್ಲಿ ತಟ್ಟಿದ ಎರಡು ರೊಟ್ಟಿ ಅಂಚು ಯಾವತ್ತಾದ್ರೂ ಒಂದೇ ಥರ ಬಂದಿದೆಯಾ?"

ಮಲ್ಲಿಕಾರ್ಜುನಯ್ಯನವರಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಮೈ ಕುಲುಕುವ ಹಾಗೆ. "ಫೋನ್ ಹಚ್ಚು ವೇಣುಗೆ," ಎಂದರು.

ಸುದ್ದಿ ಕೇಳಿದ ವೇಣುಗೋಪಾಲ್ ಅದನ್ನು ಎರಡು ಸಲ ಹೇಳಿಸಿಕೊಂಡರು. "ತಂದುಕೊಟ್ಟೋನು ನಾನು ಮಲ್ಲಣ್ಣ. ನಿನ್ನ ಮುಖ ಹೆಂಗೆ ನೋಡ್ಲಿ?"

"ನನಗೇ ನಿನ್ನ ಮುಖ ಕಾಣಲ್ಲ, ನಿನಗೇನು ಕಷ್ಟ? ಇಬ್ರೂ ಒಟ್ಟಿಗೇ ಮೋಸ ಹೋಗಿದೀವಿ, ಅದೇ ಸಮಾಧಾನ. ಭಾನುವಾರದ ಮಾತು ಇದೆ. ವಿಷಯ ಮಾತ್ರ ಬದಲಾಯ್ತು ಅಂತ ಹೇಳು."

ಶನಿವಾರ ಪ್ರಭುದೇವ ಪ್ರೆಸ್ಸಿನ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಎರಡೂ ನಾಣ್ಯದ ಚಿತ್ರವನ್ನು ಬಾಗಿಲಗಲಕ್ಕೆ ಅಚ್ಚು ಹಾಕಿಸಿಕೊಂಡು ಬಂದ. ತಂದೆಯ ಕೈಹಿಡಿದು, ಹಾಳೆಯ ಮೇಲೆ ಮುಕ್ಕು ಎಲ್ಲಿದೆ, ಗೀರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ. "ಚೆನ್ನಾಗಿ ಬಂದಿದೆಯೇನೋ?" ಎಂದು ಅವರು ಕೇಳಿದರು. "ಬಂದಿದೆ ಅಪ್ಪಾಜಿ," ಎಂದ ಅವನು ಕೈ ಬಿಡಲಿಲ್ಲ. ಈ ಸಲ ಅವರೂ ಗಟ್ಟಿಯಾಗಿ ಹಿಡಿದುಕೊಂಡರು.

ಭಾನುವಾರ ಸಭೆಯಲ್ಲಿ ನಲವತ್ತು ಜನ ಇದ್ದರು. ಮಲ್ಲಿಕಾರ್ಜುನಯ್ಯ ಮೈಕಿನ ಮುಂದೆ ನಿಂತು, ರಾಣಿಯ ಕಥೆಯನ್ನೂ, ಆ ನಾಣ್ಯ ತಾನು ಕೊಂಡ ಕಥೆಯನ್ನೂ ಹೇಳಿ, ಅದು ನಕಲಿ ಎಂದು ಒಪ್ಪಿಕೊಂಡರು. ಸಭೆಯಲ್ಲಿ ಗುಸುಗುಸು ಎದ್ದಿತು.

"ಇದನ್ನ ಕಂಡುಹಿಡಿದದ್ದು ನಾನಲ್ಲ," ಎಂದರು ಅವರು. "ನಲವತ್ತು ವರ್ಷ ನಾನು ಬಾಗಿಲು ಹಾಕ್ಕೊಂಡು ಕೂತಿದ್ದೆ. ಆ ಬಾಗಿಲ ಆಚೆ ಅಕ್ಕಿ ಆರಿಸ್ತಾ, ರಂಗೋಲಿ ಹಾಕ್ತಾ ನನಗಿಂತ ಒಳ್ಳೇ ಕಣ್ಣು ಒಂದಿತ್ತು. ಕಣ್ಣು ಹೋದ್ಮೇಲೆ ಅದು ನನಗೆ ಕಂಡಿದ್ದು. ಶೈಲಾ, ಎಲ್ಲಿದೀಯ? ಬಾ, ನೀನೇ ಹೇಳು."

ಶೈಲಜಮ್ಮ ಸೆರಗು ಹಿಡಿದುಕೊಂಡು ಕೂತೇ ಇದ್ದರು. ಶಿವರಂಜಿನಿ ಬೆನ್ನು ತಟ್ಟಿ ಎಬ್ಬಿಸಿದಳು. ಮೈಕಿನ ಮುಂದೆ ನಿಂತು ಅವರು ಅಂದದ್ದು ಹೆಚ್ಚೇನಿಲ್ಲ: ರೊಟ್ಟಿಯ ಮಾತು, ಮುಕ್ಕು, ಗೀರು, ಅವರೆಕಾಳಿನ ಉಬ್ಬು. ಜನ ನಕ್ಕರು, ಆಮೇಲೆ ಎದ್ದುಬಂದು ಚಿತ್ರದ ಹತ್ತಿರ ನಿಂತು ನೋಡಿದರು, ಆಮೇಲೆ ಚಪ್ಪಾಳೆ ತಟ್ಟಿದರು. ವೇಣುಗೋಪಾಲ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮಕ್ಕಳು ಸ್ಕೂಟರಿನಲ್ಲಿ ಮುಂದೆ ಹೋದರು. ಗಂಡಹೆಂಡತಿ ಆಟೋ ಹತ್ತಿದರು. ಗಾಂಧಿಬಜಾರಿನ ಹೂವಿನ ಅಂಗಡಿಗಳು ದಾಟಿದವು.

"ಇಷ್ಟು ವರ್ಷ ಒಂದು ನಾಣ್ಯಾನೂ ಕರೆದು ತೋರಿಸ್ಲಿಲ್ಲ ನಾನು ನಿನಗೆ," ಎಂದರು ಮಲ್ಲಿಕಾರ್ಜುನಯ್ಯ.

"ನಾನೂ ಬಂದು ಕೇಳ್ಲಿಲ್ಲ ಬಿಡಿ."

"ಕೇಳಿದೆಯಲ್ಲ. ಸ್ಟೂಲು ಎಳ್ಕೊಂಡು ಕೂತು, ಏನ್ ಬರೆದಿದೆ ಅಂತ. ಅವತ್ತು ನೀನು ಬಂದು ಕೇಳದೇ ಇದ್ದಿದ್ರೆ, ನಾನು ಆ ಪೆಟ್ಟಿಗೆ ಮುಂದೆ ಹಾಗೇ ಕೂತುಬಿಡ್ತಿದ್ದೆ." ಅವರು ಹುಡುಕಿ ಹೆಂಡತಿಯ ಕೈ ಹಿಡಿದುಕೊಂಡರು. ಶೈಲಜಮ್ಮ ಆಟೋದವನ ಕನ್ನಡಿಯ ಕಡೆ ಒಮ್ಮೆ ನೋಡಿ, ಕೈ ಅಲ್ಲಿಯೇ ಇರಲಿ ಎಂದು ಬಿಟ್ಟರು.

"ಕಾರ್ಡ್ ಬರೆಯೋದು ಇನ್ನೂ ನೂರಕ್ಕೆ ಮೇಲಿದೆ ಶೈಲಾ."

"ದಿನಕ್ಕೆ ಎರಡು ಮಾಡಿದ್ರೆ ಸಂಕ್ರಾಂತಿ ಹೊತ್ತಿಗೆ ಮುಗಿಯತ್ತೆ."

"ಮುಗಿದ ಮೇಲೆ?"

ಶೈಲಜಮ್ಮ ಯೋಚಿಸಿದರು. "ಮುಗಿದ ಮೇಲೆ ನನಗೆ ಅಕ್ಷರಾನೂ ಕಲಿಸಿ. ಬರೀ ಅಂಕಿ ಗೊತ್ತಿದ್ರೆ ಸಾಲಲ್ಲ. ಆ ದೊರೆಗಳು ಏನ್ ಬರೆಸಿದಾರೆ ಅಂತ ನಾನೇ ನಿಮಗೆ ಓದಿ ಹೇಳ್ತೀನಿ."